ಎಂಜಿನ್ನಿಗೊಂದು ಕಚ್ಚಾ ಹೊಲಿಗೆ

ಮನೆ, ಹೊಲಿಗೆ ಮೇಜಿನಿಂದ
ಗುರುವಾರ ಮಧ್ಯಾಹ್ನ

ಪ್ರೀತಿಯ ತಮ್ಮಾ,

ಹೇಗಿದ್ದೀಯ? ಕೆಮ್ಮು ಇಳಿಯಿತೇ? ಹೋದ ಸಲ ಫೋನಿನಲ್ಲಿ ನಿನ್ನ ಮಾತಿಗಿಂತ ಕೆಮ್ಮೇ ಹೆಚ್ಚು ಕೇಳಿಸಿತು. ಬಂದರಿನ ಗಾಳಿಗೆ ಎದೆಯೊಡ್ಡಿ ಅಷ್ಟೆತ್ತರದ ಕ್ರೇನಿನ ಗೂಡಿನಲ್ಲಿ ದಿನವಿಡೀ ಕೂರುವವನು ಕುತ್ತಿಗೆಗೆ ಏನಾದರೂ ಸುತ್ತಿಕೊಳ್ಳಬೇಕು ಎಂದು ಎಷ್ಟು ಸಲ ಹೇಳುವುದು? ನಾನು ಹೊಲಿದು ಕಳಿಸಿದ ಉಣ್ಣೆಯ ಪಟ್ಟಿಯನ್ನು ಸುತ್ತಿಕೊಳ್ಳುತ್ತಿದ್ದೀಯೋ, ಸೀಟಿಗೆ ಹಾಸಿಕೊಂಡಿದ್ದೀಯೋ, ಆ ದೇವರಿಗೇ ಗೊತ್ತು. ನಾನು ಚೆನ್ನಾಗಿದ್ದೇನೆ. ಹಾಗೆ ಬರೆಯುವುದು ವಾಡಿಕೆ, ಬರೆದಿದ್ದೇನೆ. ನಿಜ ಬೇಕಾದರೆ ಕೇಳು, ಸುಸ್ತಾಗಿದೆ. ರಾತ್ರಿ ನನ್ನ ಪಕ್ಕದಲ್ಲೇ ಮಲಗಿ ಬೆಳಿಗ್ಗೆ ನನಗಿಂತ ಮುಂಚೆ ಏಳುವ ಸುಸ್ತು ಇದು. ಅಮ್ಮ ಈಗ ಕಿಟಕಿಯ ಪಕ್ಕದ ಮಂಚದಲ್ಲಿ ಮಲಗಿದ್ದಾಳೆ. ಅವಳ ವಿಷಯಕ್ಕೆ ಬರುತ್ತೇನೆ, ಇರು.

ಫೋನಿರುವಾಗ ಕಾಗದ ಯಾಕೆ ಎಂದುಕೊಳ್ಳುತ್ತೀಯ. ಫೋನಿನಲ್ಲಿ ನೀನು ಕೇಳುವ ಮೊದಲ ಮಾತೇ ‘ಗಾಡಿ ಹೇಗಿದೆ ಅಕ್ಕಾ’ ಎಂದು. ಬ್ಯಾಟರಿ, ಟೈರು, ಆಯಿಲ್ಲು, ವೈಪರ್ ರಬ್ಬರ್, ಒಂದನ್ನೂ ಬಿಡದೆ ವಿಚಾರಿಸುತ್ತೀಯ. ಅಮ್ಮನನ್ನು ಕೇಳಲು ಮಾತ್ರ ನಿನಗೆ ನಾಲಿಗೆ ಏಳುವುದಿಲ್ಲ. ನಾನಾಗಿಯೇ ಅಮ್ಮ ಎಂದು ಬಾಯಿ ತೆರೆದರೆ ಅಲ್ಲಿ ಪಾಳಿಯ ಸೈರನ್ ಆಗಿಬಿಡುತ್ತದೆ, ನೀನು ಫೋನ್ ಇಡುತ್ತೀಯ. ಬಾ ಎಂದರೆ ರಜೆ ಸಿಕ್ಕಿಲ್ಲ ಎನ್ನುತ್ತೀಯ. ಕೋಪವಿಲ್ಲ ಎಂದರೆ ಸುಳ್ಳಾಗುತ್ತದೆ. ಆದರೆ ನಿನ್ನನ್ನು ಸೊಂಟದ ಮೇಲೆ ಹೊತ್ತು ತಿರುಗಿದವಳು ನಾನು. ಸಿಡಿಲಿಗೆ ಹೆದರಿದಾಗ ನೀನು ಅಳುತ್ತಿರಲಿಲ್ಲ, ಆಟದ ಲಾರಿಯ ಚಕ್ರ ಬಿಚ್ಚುತ್ತಾ ಕೂರುತ್ತಿದ್ದೆ. ಈಗಲೂ ಅದನ್ನೇ ಮಾಡುತ್ತಿದ್ದೀಯ. ಆದ್ದರಿಂದ ಈ ಕಾಗದದ ತುಂಬ ಗಾಡಿಯ ಸುದ್ದಿಯನ್ನೇ ಬರೆಯುತ್ತೇನೆ. ಅರ್ಧಕ್ಕೆ ಇಡದೆ ಓದು.

ನಮ್ಮ ಗಾಡಿ ನಡುಗುತ್ತಿತ್ತು. ಓಡುವಾಗ ಅಷ್ಟಿಲ್ಲ, ನಿಂತಾಗ. ಸಿಗ್ನಲ್ಲಿನಲ್ಲಿ ನಿಂತರೆ ಸಾಕು, ಸ್ಟೀರಿಂಗು, ಬಾಗಿಲು, ಸೀಟು ಎಲ್ಲ ಚಳಿಜ್ವರ ಬಂದವರ ಹಾಗೆ ನಡುಗಲು ಶುರುಮಾಡುತ್ತಿದ್ದವು. ಕನ್ನಡಿಯಲ್ಲಿ ಹಿಂದಿನ ಒಂದು ಬಸ್ಸು ನಾಲ್ಕಾಗಿ ಕಾಣುತ್ತಿತ್ತು. ನಾನೊಬ್ಬಳೇ ಆಗಿದ್ದರೆ ಅದರ ಪಾಡಿಗೆ ಬಿಟ್ಟುಬಿಡುತ್ತಿದ್ದೆ. ಆದರೆ ಅಮ್ಮನ ಕಾಯಿಲೆ ಈಗ ಬೆನ್ನಿನ ಮೂಳೆಗೆ ಇಳಿದಿದೆ. ದಿನ ಬಿಟ್ಟು ದಿನ ಚಿಕಿತ್ಸೆಗೆಂದು ಊರಿನ ಆ ತುದಿಯ ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕು, ದಾರಿಯುದ್ದಕ್ಕೂ ಸಿಗ್ನಲ್ಲು. ಕೆಂಪು ದೀಪ ಬಿದ್ದ ಕೂಡಲೇ ಅಮ್ಮ ಬಾಗಿಲ ಮೇಲಿನ ಹಿಡಿಯನ್ನು ಹಿಡಿದುಕೊಂಡು, ಹೊದ್ದ ಶಾಲಿನ ಅಂಚನ್ನು ಹಲ್ಲಿನಲ್ಲಿ ಕಚ್ಚುತ್ತಿದ್ದಳು. ನೋವು ಎಂದು ಬಾಯಿಬಿಟ್ಟು ಹೇಳುವ ಹೆಂಗಸಲ್ಲವಲ್ಲ. ನಾನು ಎಂಜಿನ್ ಆಫ್ ಮಾಡುತ್ತಿದ್ದೆ. ಹಸಿರು ಬಿದ್ದಾಗ ಮತ್ತೆ ಸ್ಟಾರ್ಟ್ ಆಗಲು ಆ ಮಹಾರಾಯನಿಗೆ ಮನಸ್ಸು ಬರಬೇಕು, ಅಷ್ಟರಲ್ಲಿ ಹಿಂದಿನವರ ಹಾರ್ನು, ಅದರ ಹಿಂದೆ ಬೈಗುಳ. ಬಾಡಿಗೆ ಗಾಡಿಯಲ್ಲಿ ಒಂದೇ ಸಲ ಹೋದೆವು. ಅವನು ಹಳ್ಳ ದಿಣ್ಣೆ ಒಂದನ್ನೂ ನೋಡದೆ ಓಡಿಸಿದ, ಅಮ್ಮ ಇನ್ನೊಂದು ಸಲ ಬೇಡ ಎಂದಳು. ಹೋದ ವಾರ ಶಾಲನ್ನು ಮಡಿಸುವಾಗ ನೋಡುತ್ತೇನೆ, ಅಂಚು ಜಗಿದು ಜಗಿದು ಹರಿದು ಹೋಗಿದೆ. ಅದನ್ನು ಹೊಲಿಯಲು ಕೂತವಳು ಹೊಲಿಯದೆ ಎದ್ದು ಗ್ಯಾರೇಜಿಗೆ ಹೋದೆ.

ಗ್ಯಾರೇಜಿನ ‘ನಾಳೆಬಾ’ ನಿನಗೆ ಮರೆತಿರಲಿಕ್ಕಿಲ್ಲ. ಅವನ ಸ್ವಂತ ಹೆಸರು ಅವನ ಹೆಂಡತಿಗಾದರೂ ನೆನಪಿದೆಯೋ ಇಲ್ಲವೋ. ಬಾನೆಟ್ ಎತ್ತಿ ನೋಡಿದ, ನನ್ನನ್ನು ಆಕ್ಸಿಲರೇಟರ್ ಒತ್ತಲು ಹೇಳಿದ. ಒತ್ತಿದ ಕೂಡಲೇ ಎಂಜಿನ್ನು ಪಂಕ್ತಿಯಿಂದ ಸಿಟ್ಟು ಮಾಡಿಕೊಂಡು ಏಳುವ ಬೀಗರ ಹಾಗೆ ಒಂದು ಕಡೆಗೆ ಎದ್ದಿತು. ಬಲಗಡೆಯ ಮೌಂಟಿಂಗ್ ಹರಿದಿದೆ ಎಂದ. ನಿನಗೆ ಗೊತ್ತಿರುವುದೇ, ಆದರೂ ಹೊಸದಾಗಿ ಕಲಿತ ಜಂಬಕ್ಕೆ ಬರೆಯುತ್ತೇನೆ: ಎಂಜಿನ್ನು ಗಾಡಿಯ ಮೈಗೆ ನೇರವಾಗಿ ತಾಗಿ ಕೂರುವುದಿಲ್ಲ, ಕಬ್ಬಿಣದ ಚೌಕಟ್ಟಿನೊಳಗೆ ರಬ್ಬರ್ ತುಂಬಿದ ಆಸನಗಳ ಮೇಲೆ ಕೂರುತ್ತದೆ. ಅದರ ನಡುಕವನ್ನೆಲ್ಲ ಆ ರಬ್ಬರ್ ನುಂಗಿಕೊಳ್ಳುತ್ತದೆ. ಅದು ಹರಿದರೆ ನುಂಗುವವರಿಲ್ಲ, ನಡುಕ ಸೀಟಿಗೆ ಬರುತ್ತದೆ, ಸೀಟಿನಿಂದ ಅಮ್ಮನ ಬೆನ್ನಿಗೆ. ಗಾಡಿಯನ್ನು ಬಿಟ್ಟು ಹೋಗಿ, ನೋಡೋಣ ಎಂದ. ಅವನ ‘ನೋಡೋಣ’ ನಮಗೆ ಗೊತ್ತಿಲ್ಲದ್ದೇ? ಅಪ್ಪನ ಸ್ಕೂಟರ್ ಅವನ ಹತ್ತಿರ ಹೋಗಿ ಬರುವಷ್ಟರಲ್ಲಿ ನಿನಗೆ ಮೀಸೆ ಬಂದಿತ್ತು. ಆಸ್ಪತ್ರೆಯ ಸರದಿ ತಪ್ಪಿಸುವಂತಿಲ್ಲ. ಹಾಗಾದರೆ ಮೌಂಟಿಂಗ್ ಒಂದನ್ನು ತರಿಸಿಕೊಡು, ನಾನೇ ಹಾಕಿಕೊಳ್ಳುತ್ತೇನೆ ಎಂದೆ. ಅವನು ನಕ್ಕ. ಹೊಲಿಗೆ ಮಷೀನನ್ನು ಬಿಚ್ಚಿ ಜೋಡಿಸುವವಳಿಗೆ ಮೂರು ಬೋಲ್ಟು ಯಾವ ಲೆಕ್ಕ ಎಂದು ನಾನೂ ನಕ್ಕೆ. ಮೌಂಟಿಂಗನ್ನು ಮಾತ್ರ ತರಿಸಿಕೊಟ್ಟ. ಎರಡು ಸರದಿಗಳ ನಡುವಿನ ಬಿಡುವಿನ ದಿನ, ಅಂದರೆ ಮೊನ್ನೆ ಮಂಗಳವಾರ, ಅಂಗಳದಲ್ಲಿ ಹಳೆಯ ಪರದೆಯೊಂದನ್ನು ಹಾಸಿ ಕೆಲಸಕ್ಕೆ ಕೂತೆ.

ಎದುರುಮನೆಯ ಡ್ರೈವರ್ ಮಾಮ ಕುರ್ಚಿ ಸಮೇತ ಬಂದರು. ಬಸ್ಸಿನ ಕೆಲಸದಿಂದ ನಿವೃತ್ತರಾದ ಮೇಲೆ ಅವರ ಮಂಡಿ ಬಗ್ಗುವುದಿಲ್ಲ, ಬಾಯಿಗೆ ಮಾತ್ರ ನಿವೃತ್ತಿ ಸಿಕ್ಕಿಲ್ಲ. ಜಾಕಿ ಅವರದೇ, ಸಲಹೆ ಬಿಟ್ಟಿ. ಮೌಂಟಿಂಗ್ ತೆಗೆದರೆ ಎಂಜಿನ್ನು ಕೆಳಕ್ಕೆ ಕುಸಿಯುತ್ತದೆ, ಆದ್ದರಿಂದ ಕೆಳಗಿನಿಂದ ಜಾಕಿ ಕೊಟ್ಟು ಹಿಡಿಯಬೇಕು, ಜಾಕಿಗೂ ಆಯಿಲ್ ತುಂಬಿದ ತಳಕ್ಕೂ ನಡುವೆ ಮರದ ತುಂಡೊಂದು ಬೇಕು ಎಂದರು. ಮನೆಯೆಲ್ಲ ಹುಡುಕಿದೆ. ಕೊನೆಗೆ ತರಕಾರಿ ಹೆಚ್ಚುವ ಹಲಗೆಯನ್ನು ತಂದು ಇಟ್ಟೆ. ಇನ್ನು ಮುಂದೆ ನಮ್ಮ ಮನೆಯ ಪಲ್ಯದಲ್ಲಿ ಗ್ಯಾರೇಜಿನ ವಾಸನೆ ಬಂದರೆ ತಪ್ಪು ತಿಳಿಯಬೇಡ. ಮೊದಲ ಎರಡು ಬೋಲ್ಟುಗಳು ಸ್ವಲ್ಪ ಗೊಣಗಿ ಬಂದವು. ಅಮ್ಮ ಕಿಟಕಿಯಿಂದ ನೋಡುತ್ತಿದ್ದಳು, ನಾನು ಅವಳ ಕಡೆಗೆ ಎರಡನ್ನೂ ಎತ್ತಿ ತೋರಿಸಿದೆ.

ಮೂರನೆಯದು, ಮೌಂಟಿಂಗಿನ ನಡುವೆ ಹಾದುಹೋಗುವ ಉದ್ದನೆಯ ಬೋಲ್ಟ್ ಇದೆಯಲ್ಲ, ಅದು ಜಪ್ಪಯ್ಯ ಎಂದರೂ ಅಲುಗಾಡಲಿಲ್ಲ. ಅದನ್ನು ಬಿಗಿದ ಮಹಾನುಭಾವ ಯಾರು ಎಂದು ನೆನಪಿಸಬೇಕೇ? ಹೋದ ಸಲ ಬಂದಾಗ, ಹೊರಡುವ ದಿನ, ಬಸ್ಸಿಗೆ ಹೊತ್ತಾಯಿತು ಎನ್ನುತ್ತಲೇ ಇದೇ ಮೌಂಟಿಂಗನ್ನು ನೀನು ಬದಲಾಯಿಸಿದ್ದೆ. ‘ಇನ್ನೊಂದು ಸುತ್ತು’ ಎನ್ನುವುದು ಅಪ್ಪ ನಮಗೆ ಬಿಟ್ಟುಹೋದ ಆಸ್ತಿ. ಬಚ್ಚಲಿನ ನಲ್ಲಿಯಿಂದ ಸಕ್ಕರೆ ಡಬ್ಬಿಯ ಮುಚ್ಚಳದವರೆಗೆ ಎಲ್ಲದಕ್ಕೂ ಇನ್ನೊಂದು ಸುತ್ತು. ಅಪ್ಪ ಹೋಗಿ ಇಷ್ಟು ವರ್ಷವಾಯಿತು, ಅಟ್ಟದ ಮೇಲಿನ ಅವರ ಹಿತ್ತಾಳೆ ಡಬ್ಬಿಯನ್ನು ಇವತ್ತಿಗೂ ಯಾರೂ ತೆರೆದಿಲ್ಲ, ಒಳಗೆ ಏನಿದೆ ಎಂದು ಅಮ್ಮನಿಗೂ ಗೊತ್ತಿಲ್ಲ. ನಿನ್ನ ಬೋಲ್ಟಿಗೆ ಮೊದಲು ಮಷೀನ್ ಎಣ್ಣೆ ಬಿಟ್ಟೆ. ಕಾಯಿಸಬೇಕು ಎಂದರು ಡ್ರೈವರ್ ಮಾಮ, ನೆನೆಯಲು ಬಿಡಬೇಕು ಎಂದೆ ನಾನು, ಎತ್ತು ಏರಿಗೆ ಕೋಣ ನೀರಿಗೆ. ಕೊನೆಗೆ ಅವರ ಸಮಾಧಾನಕ್ಕೆ ಒಂದು ಕೆಟಲ್ ಕುದಿಯುವ ನೀರು ಸುರಿದೆ, ನನ್ನ ಸಮಾಧಾನಕ್ಕೆ ಮತ್ತೆ ಎಣ್ಣೆ ಬಿಟ್ಟೆ, ಇಬ್ಬರ ಸಮಾಧಾನಕ್ಕೂ ಸುತ್ತಿಗೆಯಿಂದ ಬಡಿದೆ. ಸ್ಪ್ಯಾನರ್ ಜಾರಿ ಬೆರಳ ಗಂಟುಗಳ ಚರ್ಮ ಎದ್ದುಹೋಯಿತು. ಆಮೇಲೆ ಹಿತ್ತಲಿನಲ್ಲಿ ಬಿದ್ದಿದ್ದ ಕಬ್ಬಿಣದ ನೀರಿನ ಪೈಪನ್ನು ಸ್ಪ್ಯಾನರಿನ ಹಿಡಿಗೆ ತೊಡಿಸಿ, ಅದರ ತುದಿಯ ಮೇಲೆ ನನ್ನ ಇಡೀ ಭಾರ ಬಿಟ್ಟು ಕೂತುಬಿಟ್ಟೆ. ಸುಮ್ಮನೆ ಕೂತಿದ್ದೆ, ತಮ್ಮಾ. ಬಹಳ ದಿನಗಳ ಮೇಲೆ ಸುಮ್ಮನೆ ಕೂತದ್ದು ಅದೇ ಮೊದಲು. ಸ್ವಲ್ಪ ಹೊತ್ತಿಗೆ ಕಿರ್ರೋ ಎಂದು ಕಿರುಚಿಕೊಂಡು ಬೋಲ್ಟ್ ತಿರುಗಿತು, ನಾನು ಪರದೆಯ ಮೇಲೆ ಬಿದ್ದೆ. ಕಿರುಚಿದ್ದು ಯಾರು ಎಂದು ಅಮ್ಮ ಒಳಗಿನಿಂದ ಕೇಳಿದಳು. ಬೋಲ್ಟು ಎಂದೆ.

ಮೌಂಟಿಂಗ್ ಕೈಗೆ ಬಂದಾಗ ಅದರ ಜೊತೆಗೆ ಇನ್ನೊಂದು ವಸ್ತುವೂ ಬಂತು. ಅದನ್ನು ಒರೆಸಿ ನೋಡಿದರೆ ನೀಲಿ ಹವಾಯಿ ಚಪ್ಪಲಿಯ ಹಿಮ್ಮಡಿ, ಕತ್ತರಿಯಿಂದ ಚೌಕವಾಗಿ ಕತ್ತರಿಸಿದ್ದು. ಸಂದಿನಲ್ಲಿ ಕಟಕಟ ಸದ್ದು ಬಾರದಿರಲಿ ಎಂದು ನೀನು ತುರುಕಿದ್ದು. ಡ್ರೈವರ್ ಮಾಮ ಹಳೆಯ ರಬ್ಬರನ್ನು ತಿರುಗಿಸಿ ನೋಡಿ, ನಿನ್ನ ಕಳ್ಳತನದ ಜೊತೆಗೆ ಕೆಲಸದ ತಪ್ಪನ್ನೂ ಹಿಡಿದರು. ಜಾಕಿಯ ಮೇಲೆ ಎಂಜಿನ್ನು ತೂಗುತ್ತಿರುವಾಗಲೇ ಬೋಲ್ಟನ್ನು ಪೂರ್ತಿ ಬಿಗಿದಿದ್ದೀಯ. ಆಮೇಲೆ ಜಾಕಿ ಇಳಿಸಿ ಭಾರ ಬಿದ್ದಾಗ ರಬ್ಬರ್ ಮೊದಲ ದಿನದಿಂದಲೇ ತಿರುಚಿಕೊಂಡು ಕೂತಿದೆ, ಹರಿಯದೆ ಇನ್ನೇನು ಮಾಡುತ್ತದೆ ಎಂದರು. ನನಗೆ ಆಗ ರಬ್ಬರಿನ ಚಿಂತೆ ಇರಲಿಲ್ಲ. ಅಮ್ಮನ ಒಂಟಿ ಚಪ್ಪಲಿ ಕಾಣೆಯಾದಾಗ ಡ್ರೈವರ್ ಮಾಮನ ನಾಯಿಯೇ ಒಯ್ದದ್ದು ಎಂದು ಅಮ್ಮ ಅವರ ಹೆಂಡತಿಯ ಜೊತೆ ಮಾತು ಬಿಟ್ಟಿದ್ದಳಲ್ಲ, ಅದರ ಚಿಂತೆ. ಮಾಮ ಆ ನೀಲಿ ತುಂಡನ್ನು ಕೈಗೆತ್ತಿಕೊಂಡರು. “ಪಾಪ, ಆ ನಾಯಿ ಸತ್ತೇ ಹೋಯ್ತು ಕಣಮ್ಮ” ಎಂದರು, ಅಷ್ಟೇ. ನಾನು ತುಂಡನ್ನು ಒಯ್ದು ಅಮ್ಮನಿಗೆ ಕೊಟ್ಟೆ. ಅಮ್ಮ ನಕ್ಕಳು. ನಕ್ಕರೆ ಬೆನ್ನು ಹಿಡಿಯುತ್ತದೆ, ಹಿಡಿದರೂ ನಗು ನಿಲ್ಲಲಿಲ್ಲ, ಕಣ್ಣಲ್ಲಿ ನೀರು ಬಂದದ್ದು ಯಾವುದಕ್ಕೆ ಎಂದು ಹೇಳುವಂತಿರಲಿಲ್ಲ. “ಆ ಕಳ್ಳನಿಗೆ ಹೇಳು, ಇನ್ನೊಂದನ್ನ ನಾನಿನ್ನೂ ಎಸೆದಿಲ್ಲ ಅಂತ” ಎಂದಳು. ನಿಜ, ಮಂಚದ ಕೆಳಗಿನ ಟ್ರಂಕಿನಲ್ಲಿ ಬಲಗಾಲಿನ ಚಪ್ಪಲಿ ಇನ್ನೂ ಇದೆ. ಎಡಗಾಲಿನದು ಎಂದಾದರೂ ಸಿಕ್ಕೀತು ಎಂದು ಇಟ್ಟುಕೊಂಡಿದ್ದಳಂತೆ.

ಹಳೆಯದು ಬಂತಲ್ಲ, ಹೊಸದನ್ನು ಹಾಕುವುದು ಯಾವ ಮಹಾ ಎಂದುಕೊಂಡೆ. ಮೊದಲ ಬೋಲ್ಟನ್ನು ಹಾಕಿ ಬಿಗಿದೆ, ಇನ್ನೊಂದು ಸುತ್ತು. ಎರಡನೆಯದನ್ನೂ ಬಿಗಿದೆ, ಇನ್ನೊಂದು ಸುತ್ತು. ಮೂರನೆಯ ತೂತು ಅರ್ಧ ಬೆರಳಿನಷ್ಟು ಪಕ್ಕಕ್ಕೆ ಸರಿದು ನಿಂತಿತ್ತು. ಜಾಕಿಯನ್ನು ಕೂದಲೆಳೆಯಷ್ಟು ಏರಿಸಿದೆ, ಇಳಿಸಿದೆ. ಸ್ಕ್ರೂಡ್ರೈವರ್ ತುರುಕಿ ಎಳೆದೆ. ಎಂಜಿನ್ನನ್ನು ತಬ್ಬಿಕೊಂಡು ನೂಕಿದೆ. ಬಿಸಿಲು ಅಂಗಳ ಬಿಟ್ಟು ಗೋಡೆಯ ಮೇಲಕ್ಕೆ ಹೋಯಿತು. ಬೆಳಗಾದರೆ ಅಮ್ಮನ ಸರದಿ, ಇಲ್ಲಿ ನೋಡಿದರೆ ಎಂಜಿನ್ನು ತರಕಾರಿ ಹಲಗೆಯ ಮೇಲೆ ಕೂತಿದೆ. ಸ್ಪ್ಯಾನರ್ ಎಸೆದು ನಾನು ಅಲ್ಲೇ ಅತ್ತೆ. ಬೋಲ್ಟಿಗಾಗಿ ಶುರುವಾದದ್ದು, ಆಮೇಲೆ ಎಲ್ಲವನ್ನೂ ಸೇರಿಸಿಕೊಂಡಿತು. ನೀನಿಲ್ಲದ್ದಕ್ಕೆ ಅತ್ತೆ. ಶಾಲಿನ ಅಂಚಿಗೆ ಅತ್ತೆ. ಡ್ರೈವರ್ ಮಾಮ ಒಳ್ಳೆಯವರು, ಕುರ್ಚಿಯನ್ನು ರಸ್ತೆಯ ಕಡೆಗೆ ತಿರುಗಿಸಿಕೊಂಡು ಕೂತರು.

ಆಗ ಕಿಟಕಿಯಿಂದ ಅಮ್ಮನ ದನಿ. ಅಳು ಕೇಳಿಸಿತೇ ಎಂದು ನಾನು ಮುಖ ಒರೆಸಿಕೊಂಡರೆ, ಅವಳಿಗೆ ಅಳುವಿನ ಗೊಡವೆಯೇ ಇಲ್ಲ, ನಮ್ಮಿಬ್ಬರಿಗೆ ಹೊಲಿಗೆ ಕಲಿಸುವಾಗಿನ ಅದೇ ಗದರಿಕೆ. “ತೋಳು ಕೂರಿಸೋವಾಗ ಒಂದೇ ಕಡೆಯಿಂದ ಬಿಗಿಯಾಗಿ ಹೊಲ್ಕೊಂಡು ಹೋಗ್ತೀಯೇನೇ? ಸುತ್ತ ಕಚ್ಚಾ ಹೊಲಿಗೆ ಹಾಕು. ಬಟ್ಟೆ ತಾನಾಗಿ ಕೂತ್ಕೊಳ್ಳಲಿ. ಆಮೇಲೆ ಹೊಲಿ.” ನಿನಗೂ ಹೇಳಿಕೊಟ್ಟಿದ್ದಳು, ನೀನು ಸೂಜಿ ಮುರಿದು ಓಡಿದ್ದೆ. ನಾನು ದಿನಕ್ಕೆ ಎಷ್ಟೋ ತೋಳು ಕೂರಿಸುವವಳು, ನನಗೂ ಹೊಳೆದಿರಲಿಲ್ಲ. ಬಿಗಿದಿದ್ದ ಎರಡನ್ನೂ ಸಡಿಲಿಸಿದೆ. ಸಡಿಲಿಸಿದ ಕೂಡಲೇ ಮೂರನೆಯ ತೂತು ನನ್ನ ಕಡೆಗೆ ಸರಿದು ಬಂತು, ಬೋಲ್ಟನ್ನು ಬೆರಳಿನಿಂದಲೇ ತಿರುಗಿಸಿ ಕೂರಿಸಿದೆ. ಮೂರೂ ಸಡಿಲವಾಗಿಯೇ ಇರಲಿ ಎಂದು ಬಿಟ್ಟು ಜಾಕಿಯನ್ನು ಮೆಲ್ಲಗೆ ಇಳಿಸಿದೆ, ಎಂಜಿನ್ನು ತನ್ನ ಭಾರವನ್ನು ಎಲ್ಲಿ ಹಾಕಬೇಕೋ ಅಲ್ಲಿ ಹಾಕಿ ಕೂತಿತು. ಆಮೇಲೆ ಬಿಗಿದೆ. ಇನ್ನೊಂದು ಸುತ್ತು ಹಾಕಲಿಲ್ಲ. ಅಪ್ಪ ಹೋದ ಮೇಲೆ ಅಮ್ಮ ಇಲ್ಲಿ ನನ್ನ ಜೊತೆ, ನೀನು ಅಲ್ಲಿ ಬಂದರಿನಲ್ಲಿ ಎಂದು ಒಂದೇ ಮಧ್ಯಾಹ್ನದಲ್ಲಿ ಎಲ್ಲವನ್ನೂ ಬಿಗಿದು ನೀನು ಬಸ್ಸು ಹತ್ತಿದೆಯಲ್ಲ, ಅದು ನೆನಪಾಯಿತು. ಇರಲಿ ಬಿಡು, ಗಾಡಿಯ ಮಾತಾಡೋಣ.

ಸ್ಟಾರ್ಟ್ ಮಾಡಿದೆ. ಡ್ರೈವರ್ ಮಾಮ ಬಾನೆಟ್ಟಿನ ಮೇಲೆ ಕೈಯಿಟ್ಟು ಕಣ್ಣು ಮುಚ್ಚಿ ನಿಂತರು, ಆಮೇಲೆ ಏನೂ ಮಾತಾಡದೆ ತಲೆಯಾಡಿಸಿದರು. ಅವರು ಮಾತಾಡಲಿಲ್ಲ ಎಂದರೆ ಕೆಲಸ ಚೆನ್ನಾಗಿದೆ ಎಂದೇ ಅರ್ಥ. ಅಮ್ಮ ತಾನು ಕೂರಬೇಕು ಎಂದಳು. ಈಗಲೇ ಯಾಕೆ, ಬೆಳಿಗ್ಗೆ ಹೇಗೂ ಕೂರಬೇಕಲ್ಲ ಎಂದರೆ ಕೇಳಲಿಲ್ಲ. ನಿಲುವಂಗಿಯ ಮೇಲೆ ಶಾಲು ಹೊದಿಸಿ, ಹಿಡಿದು ನಡೆಸಿಕೊಂಡು ಬಂದು ಮುಂದಿನ ಸೀಟನ್ನು ಒರಗಿಸಿ ಕೂರಿಸಿದೆ. ಅಭ್ಯಾಸಬಲ, ಕೈ ಬಾಗಿಲ ಮೇಲಿನ ಹಿಡಿಗೆ ಹೋಯಿತು. ಶಾಲಿನ ಅಂಚನ್ನು ಬಾಯಿಯ ಹತ್ತಿರ ತಂದವಳು ಹಾಗೇ ಹಿಡಿದು ಕಾದಳು. ಸ್ವಲ್ಪ ಹೊತ್ತಾದ ಮೇಲೆ “ಸ್ಟಾರ್ಟ್ ಮಾಡಲ್ವೇನೇ?” ಎಂದಳು. ಎಂಜಿನ್ನು ಓಡುತ್ತಲೇ ಇತ್ತು. ಹಾಗೆಂದು ಹೇಳಿದೆ. ಅಮ್ಮ ಹಿಡಿ ಬಿಟ್ಟು ಕೈಯನ್ನು ಮಡಿಲಲ್ಲಿ ಇಟ್ಟುಕೊಂಡಳು, ಹಾಗೇ ನಿದ್ದೆ ಹೋದಳು. ಮಾತ್ರೆ ಇಲ್ಲದೆ ಅವಳು ನಿದ್ದೆ ಮಾಡಿದ್ದನ್ನು ನೋಡಿ ಎಷ್ಟು ದಿನವಾಗಿತ್ತೋ. ಡ್ರೈವರ್ ಮಾಮ ಕುರ್ಚಿಯನ್ನು ಎಳೆಯದೆ ತಲೆ ಮೇಲೆ ಹೊತ್ತುಕೊಂಡು ಹೋದರು. ನಾನು ಪಕ್ಕದ ಸೀಟಿನಲ್ಲಿ ಕೂತು, ನಿಂತ ಗಾಡಿಯಲ್ಲಿ ಕತ್ತಲಾಗುವವರೆಗೆ ಅವಳ ಉಸಿರು ಕೇಳುತ್ತಿದ್ದೆ.

ನಿನ್ನೆ ಆಸ್ಪತ್ರೆಗೆ ಹೋಗಿ ಬಂದೆವು. ಒಂದು ಸಿಗ್ನಲ್ಲಿನಲ್ಲೂ ಎಂಜಿನ್ ಆಫ್ ಮಾಡಲಿಲ್ಲ, ಒಂದು ಬೈಗುಳವೂ ಸಿಗಲಿಲ್ಲ. ಕನ್ನಡಿಯಲ್ಲಿ ಒಂದು ಬಸ್ಸು ಒಂದಾಗಿಯೇ ಕಾಣುತ್ತದೆ. ಬೋಲ್ಟುಗಳನ್ನು ಇವತ್ತು ಬೆಳಿಗ್ಗೆ ಮತ್ತೆ ನೋಡಿದೆ, ಕೂತಲ್ಲೇ ಕೂತಿವೆ. ಶಾಲೆಯ ಬಿಳಿ ಅಂಗಿಗಳ ಆರ್ಡರ್ ಹಾಗೇ ಬಿದ್ದಿದೆ. ಎಷ್ಟು ತಿಕ್ಕಿದರೂ ಉಗುರಿನ ಮಸಿ ಹೋಗದೆ ಒಂದು ಕಾಲರಿನ ಮೇಲೆ ನನ್ನ ಹೆಬ್ಬೆಟ್ಟು ಅಚ್ಚಾಗಿದೆ. ಯಾವ ಮಗುವಿನ ಪಾಲಿಗೆ ಬರುತ್ತದೋ, ಆ ತಾಯಿಯ ಹತ್ತಿರ ಬೈಸಿಕೊಳ್ಳಬೇಕು. ನಿನ್ನ ಗಾಡಿ ಚೆನ್ನಾಗಿದೆ, ತಮ್ಮಾ. ಇನ್ನು ಫೋನಿನಲ್ಲಿ ಅದನ್ನು ಕೇಳುವ ಅಗತ್ಯವಿಲ್ಲ.

ಅಮ್ಮ ನಿನ್ನ ತಲೆ ಸವರಿದಳೆಂದು ತಿಳಿ, ಎಡಗೈಯಿಂದ ನಾನು ಕಿವಿ ಹಿಂಡಿದೆನೆಂದೂ ತಿಳಿ. ಡ್ರೈವರ್ ಮಾಮ ನಿನ್ನನ್ನು ಕೇಳಿದರು, ನಾಯಿಯ ವಿಷಯವನ್ನು ಮನಸ್ಸಿನಲ್ಲಿ ಇಟ್ಟುಕೊಂಡಿಲ್ಲವಂತೆ. ಹೊತ್ತಿಗೆ ಸರಿಯಾಗಿ ಉಣ್ಣು, ಗಾಳಿ ಜೋರಿದ್ದ ದಿನ ಮೇಲೆ ಹತ್ತಬೇಡ, ಕುತ್ತಿಗೆ ಬೆಚ್ಚಗಿರಲಿ.

ಇಂತಿ,
ಕೈಮಸಿ ಇನ್ನೂ ಹೋಗದ
ನಿನ್ನ ಅಕ್ಕ

ತಾ.ಕ.: ಕೊರಿಯರಿನವನು ಬಾಗಿಲಲ್ಲಿ ನಿಂತಿದ್ದಾನೆ, ಅವನನ್ನು ನಿಲ್ಲಿಸಿಕೊಂಡೇ ಬರೆಯುತ್ತಿದ್ದೇನೆ. ನಿನ್ನೆ ಡಾಕ್ಟರು ನನ್ನನ್ನು ಹೊರಗೆ ಕರೆದು ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಏನೇನೋ ಹೇಳಿದರು. ಅರ್ಥ ಇಷ್ಟೇ, ಇನ್ನು ಬರುವುದು ಬೇಡ, ಚಿಕಿತ್ಸೆಯಿಂದ ಉಪಯೋಗವಿಲ್ಲ, ನೋವಿಗೆ ಮಾತ್ರೆ ಕೊಡುತ್ತಾರೆ. ನಾನು ಮುಖ ತೊಳೆದುಕೊಂಡು ಬಂದು ಗಾಡಿಯಲ್ಲಿ ಕೂತೆ. ಕೊನೆಯ ಸಿಗ್ನಲ್ಲಿನಲ್ಲಿ, ಕೆಂಪು ದೀಪಕ್ಕೆ ನಿಂತಾಗ, ಅಮ್ಮ “ಈ ಗಾಡಿ ಅವನಿರೋ ಕಡೆ ತನಕ ಹೋಗುತ್ತೇನೇ?” ಎಂದಳು. ಹೋಗುತ್ತೆ ಎಂದೆ. ಡಾಕ್ಟರಿಗೆ ಫೋನ್ ಮಾಡಿ ಕೇಳಿದೆ, ನಿಲ್ಲಿಸಿಕೊಂಡು ನಿಲ್ಲಿಸಿಕೊಂಡು ಹೋಗಿ ಎಂದರು. ಒಂದು ಹಗಲಿನ ದಾರಿ, ಭಾನುವಾರ ಬೆಳಕು ಹರಿಯುವಾಗ ಹೊರಡುತ್ತೇವೆ. ನಿನ್ನ ರಜೆ ಬೇಕಾಗಿಲ್ಲ, ಕೆಲಸ ಮುಗಿಸಿ ಬಂದು ಅವಳ ಪಕ್ಕ ಕೂತರೆ ಸಾಕು, ಬೇಕಾದರೆ ಗಾಡಿಯ ಮಾತನ್ನೇ ಆಡು. ಕೋಣೆ ಚಿಕ್ಕದು ಎನ್ನಬೇಡ, ಎಷ್ಟು ದಿನ ಇರುತ್ತೀರಿ ಎಂದು ಮಾತ್ರ ಕೇಳಲೇಬೇಡ. ಬಚ್ಚಲಿಗೆ ನೀಲಿ ಹವಾಯಿ ಚಪ್ಪಲಿ ತಂದಿಟ್ಟಿರು. ಎಡಗಾಲಿನದು ಒಂದಿದ್ದರೆ ಸಾಕಂತೆ, ಬಲಗಾಲಿನದನ್ನು ಅವಳೇ ತರುತ್ತಿದ್ದಾಳೆ.